ಹೊರಗೆ ಜಡ ಕಣ, ಒಳಗೆ ಸಾವಿರ ನಕಲು: ವೈರಸ್ ಕೆಲಸ ಮಾಡುವ ಬಗೆ

ಹೊಸದೊಂದು ವೈರಸ್ಸಿನ ಹೆಸರು ಸುದ್ದಿಗೆ ಬಂದಾಗಲೆಲ್ಲ ರೂಪಾಂತರಿ, ಪ್ರತಿಕಾಯ, ಇನ್‌ಕ್ಯುಬೇಷನ್ ಅವಧಿ ಮುಂತಾದ ಪದಗಳೂ ಅದರ ಬೆನ್ನಿಗೇ ದಿನನಿತ್ಯದ ಮಾತಿಗೆ ಇಳಿಯುತ್ತವೆ. ಪದಗಳು ಬಾಯಿಗೆ ರೂಢಿಯಾದರೂ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ನೆಗಡಿಗೆ ಆಂಟಿಬಯಾಟಿಕ್ ಬೇಡವೆಂದು ವೈದ್ಯರು ಏಕೆ ಹೇಳುತ್ತಾರೆ? ಸಾಮಾನ್ಯ ಸೋಪು ಕೊರೊನಾ ವೈರಸ್ಸನ್ನು ಹೇಗೆ ನಾಶ ಮಾಡುತ್ತದೆ? ಒಂದೇ ವೈರಸ್ ತಗುಲಿದ ಇಬ್ಬರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರಿಗೆ ಏನೂ ಆಗದಿರುವುದು ಏಕೆ? ನಾಯಿ ಕಚ್ಚಿದ ನಂತರ ಹಾಕಿಸಿಕೊಂಡ ಲಸಿಕೆಯೂ ಜೀವ ಉಳಿಸುವುದು ಹೇಗೆ?

ಈ ಪ್ರಶ್ನೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ ಎಲ್ಲವುಗಳ ಉತ್ತರ ಒಂದೇ ಸಂಗತಿಯಿಂದ ಹೊರಡುತ್ತದೆ. ವೈರಸ್ಸಿಗೆ ಸ್ವಂತವಾಗಿ ಏನನ್ನೂ ಮಾಡಿಕೊಳ್ಳುವ ಶಕ್ತಿಯಿಲ್ಲ. ಅದರ ಪ್ರತಿಯೊಂದು ಕೆಲಸವೂ ಬೇರೊಂದು ಜೀವಿಯ ಜೀವಕೋಶದೊಳಗೆ, ಆ ಜೀವಕೋಶದ ಸಾಮಗ್ರಿಯಿಂದಲೇ ನಡೆಯಬೇಕು. ಹೀಗಾಗಿ ಅದು ಯಾವ ಜೀವಕೋಶವನ್ನು ಹೊಗಬಲ್ಲದು ಎಂಬುದೇ ಅದು ಹರಡುವ ದಾರಿಯನ್ನೂ ಅದು ತರುವ ಕಾಯಿಲೆಯ ಸ್ವರೂಪವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಸೋಸಿದರೂ ಉಳಿದ ರೋಗಕಾರಕ

ವೈರಸ್ ಮೊದಲು ಪತ್ತೆಯಾದದ್ದು ಮನುಷ್ಯರಲ್ಲಿ ಅಲ್ಲ, ಹೊಗೆಸೊಪ್ಪಿನ ಗಿಡದಲ್ಲಿ. ಎಲೆಗಳ ಮೇಲೆ ತಿಳಿ ಮತ್ತು ಗಾಢ ಹಸಿರಿನ ಮಚ್ಚೆಗಳನ್ನು ಮೂಡಿಸುವ ಮೊಸಾಯಿಕ್ ರೋಗವನ್ನು ಅಧ್ಯಯನ ಮಾಡುತ್ತಿದ್ದ ರಷ್ಯಾದ ದಿಮಿತ್ರಿ ಇವನೋವ್‌ಸ್ಕಿ, ರೋಗಗ್ರಸ್ತ ಎಲೆಯ ರಸವನ್ನು ಬ್ಯಾಕ್ಟೀರಿಯಾಗಳು ದಾಟಲಾಗದಷ್ಟು ಸೂಕ್ಷ್ಮ ರಂಧ್ರಗಳಿರುವ ಪಿಂಗಾಣಿ ಶೋಧಕದಲ್ಲಿ ಸೋಸಿದರು. ಹೀಗೆ ಸೋಸಿದ ರಸವೂ ಆರೋಗ್ಯವಾಗಿದ್ದ ಗಿಡಕ್ಕೆ ರೋಗ ತರುತ್ತದೆ ಎಂಬುದನ್ನು ಅವರು 1892ರಲ್ಲಿ ವರದಿ ಮಾಡಿದರು. 1898ರಲ್ಲಿ ನೆದರ್‌ಲೆಂಡ್ಸ್‌ನ ಮಾರ್ಟಿನಸ್ ಬೈಯರಿಂಕ್ ಇದೇ ಪ್ರಯೋಗವನ್ನು ಮುಂದುವರಿಸಿ, ಈ ರೋಗಕಾರಕವು ಬರಿಯ ರಸದಲ್ಲಿ ಹೆಚ್ಚುವುದಿಲ್ಲ, ಬೆಳೆಯುತ್ತಿರುವ ಜೀವಂತ ಅಂಗಾಂಶದಲ್ಲಿ ಮಾತ್ರ ಹೆಚ್ಚುತ್ತದೆ ಎಂದು ತೋರಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಫ್ರೀಡ್ರಿಕ್ ಲೋಫ್ಲರ್ ಮತ್ತು ಪೌಲ್ ಫ್ರೋಶ್ ಜಾನುವಾರುಗಳ ಕಾಲುಬಾಯಿ ರೋಗಕ್ಕೂ ಇಂಥದ್ದೇ ಕಾರಣವಿದೆಯೆಂದು ಕಂಡುಕೊಂಡರು.

ಇದಕ್ಕಿಂತ ಬೆರಗುಗೊಳಿಸುವ ಪ್ರಯೋಗ 1935ರದು. ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸನ್ನು ಶುದ್ಧೀಕರಿಸಿ ಹರಳುಗಳಾಗಿ ಪಡೆದರು. ಆ ಹರಳುಗಳು ಉಸಿರಾಡಲಿಲ್ಲ, ಆಹಾರ ಬೇಡಲಿಲ್ಲ, ಹೆಚ್ಚಲೂ ಇಲ್ಲ. ಆದರೆ ಕರಗಿಸಿ ಎಲೆಗೆ ಉಜ್ಜಿದಾಗ ಮತ್ತೆ ರೋಗ ತಂದವು. ವೈರಸ್ ಜೀವಿಯೋ ನಿರ್ಜೀವಿಯೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕಾಯಿಲೆಯನ್ನು ಅರಿಯಲು ಆ ತೀರ್ಪು ನಮಗೆ ಬೇಕಾಗಿಯೂ ಇಲ್ಲ. ಜೀವಕೋಶದ ಹೊರಗೆ ಅದು ಜಡ, ಒಳಗೆ ಹೋದರೆ ಚುರುಕು ಎಂಬಷ್ಟು ತಿಳಿದರೆ ಸಾಕು.

ವೈರಸ್ಸಿನ ಕಣ ಅತ್ಯಂತ ಚಿಕ್ಕದು. ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲನ್ನು ನ್ಯಾನೊಮೀಟರ್ ಎನ್ನುತ್ತಾರೆ. ಪೋಲಿಯೊ ವೈರಸ್ಸಿನ ಅಡ್ಡಳತೆ ಸುಮಾರು 30 ನ್ಯಾನೊಮೀಟರ್, ಕೊರೊನಾ ವೈರಸ್ಸಿನದು ಸುಮಾರು 100. ನಮ್ಮ ಕರುಳಿನಲ್ಲಿರುವ ಇ-ಕೊಲೈ ಬ್ಯಾಕ್ಟೀರಿಯಾದ ಉದ್ದ ಸುಮಾರು 2000. ಈ ಪುಟ್ಟ ಕಣದ ನಡುವೆ ಡಿಎನ್‌ಎ ಅಥವಾ ಆರ್‌ಎನ್‌ಎ ರೂಪದ ಆನುವಂಶಿಕ ಮಾಹಿತಿಯಿದ್ದು, ಅದರ ಸುತ್ತ ಪ್ರೋಟೀನಿನ ಕವಚವಿರುತ್ತದೆ. ಕೆಲವು ವೈರಸ್‌ಗಳಿಗೆ ಈ ಕವಚದ ಮೇಲೆ ಕೊಬ್ಬಿನಂಶದ ಇನ್ನೊಂದು ಹೊರಪೊರೆಯೂ ಇರುತ್ತದೆ. ಕೊರೊನಾ, ಇನ್‌ಫ್ಲುಯೆಂಜಾ, ಎಚ್‌ಐವಿ ಈ ಗುಂಪಿಗೆ ಸೇರಿದರೆ, ಪೋಲಿಯೊ, ರೋಟಾ, ನೊರೊ ವೈರಸ್‌ಗಳಿಗೆ ಅಂಥ ಪೊರೆಯಿಲ್ಲ. ಸೋಪಿನ ಕಣಗಳು ಕೊಬ್ಬಿನ ಪೊರೆಯನ್ನು ಕದಡಿ ಬಿಡಿಸಿಬಿಡುವುದರಿಂದ ಮೊದಲ ಗುಂಪಿನ ವೈರಸ್‌ಗಳು ಒಡೆದು ನಿಷ್ಕ್ರಿಯವಾಗುತ್ತವೆ. ಪೊರೆಯಿಲ್ಲದ ವೈರಸ್‌ಗಳು ಸೋಪಿಗೆ ಹಾಗೆ ಒಡೆಯುವುದಿಲ್ಲ. ಅವು ನೀರಿನೊಂದಿಗೆ ಕೈಯಿಂದ ತೊಳೆದುಹೋಗುತ್ತವೆ, ಅಷ್ಟೇ. ನೊರೊ ವೈರಸ್ಸಿನ ವಾಂತಿಭೇದಿ ಹರಡುವಾಗ ಆಲ್ಕೊಹಾಲಿನ ಸ್ಯಾನಿಟೈಸರ್ ಸಾಲದು, ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ಕೈ ತೊಳೆಯಬೇಕು ಎನ್ನುವುದು ಇದೇ ಕಾರಣಕ್ಕೆ.

ವೈರಸ್ಸಿನೊಳಗಿನ ಆನುವಂಶಿಕ ಮಾಹಿತಿಯ ಪ್ರಮಾಣವೂ ಕಡಿಮೆಯೇ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ರಾಸಾಯನಿಕ ಅಕ್ಷರಗಳಿದ್ದರೆ ಕೋವಿಡ್ ತಂದ ವೈರಸ್ಸಿನಲ್ಲಿ ಇರುವುದು ಸುಮಾರು 30 ಸಾವಿರ. ವೈರಸ್ಸನ್ನು ಒಂದು ಹಸ್ತಪ್ರತಿಗೆ ಹೋಲಿಸಬಹುದು. ಹಸ್ತಪ್ರತಿ ಎಷ್ಟು ಕಾಲ ಪೆಟ್ಟಿಗೆಯಲ್ಲಿದ್ದರೂ ತಾನಾಗಿ ಎರಡಾಗುವುದಿಲ್ಲ. ಆದರೆ ಕಾಗದ, ಮಸಿ, ಯಂತ್ರ, ವಿದ್ಯುತ್ತು ಎಲ್ಲವೂ ಇದ್ದು, ಕೈಗೆ ಬಂದದ್ದನ್ನು ಯಾರು ಬರೆದದ್ದೆಂದು ಕೇಳದೆ ಅಚ್ಚು ಹಾಕುವ ಮುದ್ರಣಾಲಯದೊಳಗೆ ಅದು ಸೇರಿಕೊಂಡರೆ ಸಾವಿರಾರು ಪ್ರತಿಗಳು ಹೊರಬರುತ್ತವೆ, ಅಲ್ಲಿನ ನಿತ್ಯದ ಕೆಲಸ ನಿಂತುಹೋಗುತ್ತದೆ. ಜೀವಕೋಶವೇ ಆ ಮುದ್ರಣಾಲಯ.

ಜೀವಕೋಶದ ಒಳಗೆ ನಡೆಯುವುದೇನು?

ವೈರಸ್ ತನ್ನಷ್ಟಕ್ಕೆ ಚಲಿಸುವುದಿಲ್ಲ, ಗುರಿಯನ್ನು ಹುಡುಕುವುದೂ ಇಲ್ಲ. ಗಾಳಿ, ನೀರು, ರಕ್ತ ಅಥವಾ ಲೋಳೆಯಲ್ಲಿ ತೇಲುತ್ತ ಆಕಸ್ಮಿಕವಾಗಿ ಜೀವಕೋಶಗಳಿಗೆ ತಾಗುತ್ತದೆ. ಪ್ರತಿ ಜೀವಕೋಶದ ಮೇಲ್ಮೈಯಲ್ಲಿ ಅದರದೇ ಕೆಲಸಗಳಿಗೆಂದು ಇರುವ ಹಲವು ಬಗೆಯ ಅಣುಗಳಿರುತ್ತವೆ. ವೈರಸ್ಸಿನ ಮೇಲಿನ ಪ್ರೋಟೀನು ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಆಕಾರದಲ್ಲಿ ಹೊಂದಿಕೊಂಡರೆ ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ಜಾರಿಹೋಗುತ್ತದೆ. ಹೀಗೆ ವೈರಸ್ಸಿಗೆ ಅಂಟುನೆಲೆಯಾಗುವ ಅಣುವಿಗೆ ಗ್ರಾಹಕ ಎಂದು ಹೆಸರು.

ಎಚ್‌ಐವಿ ಅಂಟುವುದು ರೋಗನಿರೋಧಕ ವ್ಯವಸ್ಥೆಯ ಕೆಲವು ಬಿಳಿ ರಕ್ತಕಣಗಳ ಮೇಲಿರುವ ಸಿಡಿ4 ಎಂಬ ಗ್ರಾಹಕಕ್ಕೆ. ಕೋವಿಡ್ ವೈರಸ್ ಅಂಟುವುದು ಎಸಿಇ2 ಎಂಬುದಕ್ಕೆ. ಅದು ಮೂಗು, ಶ್ವಾಸಕೋಶ, ಕರುಳು ಮೊದಲಾದ ಕಡೆ ಇದೆ. ಇನ್‌ಫ್ಲುಯೆಂಜಾ ವೈರಸ್ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯಂಥ ಅಣುವಿಗೆ ಅಂಟುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹಕ್ಕಿಗಳ ಕರುಳಿನಲ್ಲಿ ಈ ಅಣು ಜೋಡಣೆಯಾಗಿರುವ ರೀತಿಗೂ ಮನುಷ್ಯನ ಮೂಗು-ಗಂಟಲಿನಲ್ಲಿ ಜೋಡಣೆಯಾಗಿರುವ ರೀತಿಗೂ ಸಣ್ಣ ವ್ಯತ್ಯಾಸವಿದ್ದು, ಹಕ್ಕಿಜ್ವರದ ವೈರಸ್ ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡದಿರಲು ಅದು ಒಂದು ಮುಖ್ಯ ಕಾರಣವಾಗಿದೆ. ಹಕ್ಕಿಜ್ವರದ ಮೇಲೆ ವಿಜ್ಞಾನಿಗಳು ಬಿಡದೆ ಕಣ್ಣಿಟ್ಟಿರುವುದೂ ಈ ಸಣ್ಣ ಅಂತರವನ್ನು ವೈರಸ್ ಯಾವಾಗ ದಾಟೀತೆಂಬ ಆತಂಕದಿಂದಲೇ.

ಅಂಟಿಕೊಂಡ ಮೇಲೆ ಒಳಹೋಗುವ ರೀತಿ ಹಲವು. ಹೊರಪೊರೆಯಿರುವ ವೈರಸ್ ತನ್ನ ಪೊರೆಯನ್ನು ಜೀವಕೋಶದ ಪೊರೆಯೊಂದಿಗೆ ಬೆಸೆದು ಒಳಗಿನದ್ದನ್ನು ಸುರಿಯಬಹುದು. ಅಥವಾ ಜೀವಕೋಶವೇ ಅದನ್ನು ಬೇಕಾದ ಪದಾರ್ಥವೆಂಬಂತೆ ಒಳಕ್ಕೆ ಎಳೆದುಕೊಳ್ಳಬಹುದು. ಬ್ಯಾಕ್ಟೀರಿಯಾಗಳಿಗೂ ವೈರಸ್ ತಗಲುತ್ತದೆ. ಬ್ಯಾಕ್ಟೀರಿಯೊಫೇಜ್ ಎಂದು ಕರೆಯುವ ಈ ವೈರಸ್‌ಗಳು ಕವಚವನ್ನು ಹೊರಗೇ ಬಿಟ್ಟು ಡಿಎನ್‌ಎಯನ್ನು ಮಾತ್ರ ಒಳಗೆ ಚುಚ್ಚುತ್ತವೆ. 1952ರಲ್ಲಿ ಆಲ್‌ಫ್ರೆಡ್ ಹರ್ಶಿ ಮತ್ತು ಮಾರ್ಥಾ ಚೇಸ್ ಇದನ್ನು ತೋರಿಸಿಕೊಟ್ಟದ್ದು, ಆನುವಂಶಿಕ ಮಾಹಿತಿ ಇರುವುದು ಪ್ರೋಟೀನಿನಲ್ಲಿ ಅಲ್ಲ, ಡಿಎನ್‌ಎಯಲ್ಲಿ ಎಂಬ ತಿಳಿವಳಿಕೆಗೂ ಬಲವಾದ ಆಧಾರವಾಯಿತು.

ಕವಚ ಕಳಚಿ ಮಾಹಿತಿ ಬಿಡುಗಡೆಯಾದೊಡನೆ ನಕಲಿನ ಕೆಲಸ ಆರಂಭವಾಗುತ್ತದೆ. ನಮ್ಮ ಜೀವಕೋಶಗಳಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಘಟಕಗಳಿವೆ. ಅವು ಆರ್‌ಎನ್‌ಎಯಲ್ಲಿರುವ ಸೂಚನೆಯನ್ನು ಓದಿ ಅದರಂತೆ ಪ್ರೋಟೀನು ಕಟ್ಟುತ್ತವೆ. ಆ ಸೂಚನೆ ಸ್ವಂತದ್ದೋ ಹೊರಗಿನಿಂದ ಬಂದದ್ದೋ ಎಂಬ ಭೇದ ಅವುಗಳಿಗೆ ತಿಳಿಯದು. ಹರ್ಪಿಸ್‌ನಂಥ ಡಿಎನ್‌ಎ ವೈರಸ್‌ಗಳು ಜೀವಕೋಶದ ಕೇಂದ್ರವನ್ನು ಸೇರಿ ಅಲ್ಲಿನ ಕಿಣ್ವಗಳ (ರಾಸಾಯನಿಕ ಕ್ರಿಯೆಗಳನ್ನು ನಡೆಸಿಕೊಡುವ ಪ್ರೋಟೀನುಗಳ) ನೆರವಿನಿಂದ ತಮ್ಮ ಮಾಹಿತಿಯನ್ನು ಆರ್‌ಎನ್‌ಎಗೆ ಬರೆಸುತ್ತವೆ. ಪೋಲಿಯೊ, ಕೊರೊನಾ ವೈರಸ್‌ಗಳ ಆರ್‌ಎನ್‌ಎಯನ್ನು ರೈಬೋಸೋಮ್ ನೇರವಾಗಿಯೇ ಓದಬಲ್ಲದು. ಆದರೆ ಆರ್‌ಎನ್‌ಎಯಿಂದ ಆರ್‌ಎನ್‌ಎಯನ್ನು ನಕಲಿಸುವ ಕಿಣ್ವ ನಮ್ಮ ಜೀವಕೋಶದಲ್ಲಿ ಅವುಗಳ ಬಳಕೆಗೆ ಸಿಗುವುದಿಲ್ಲವಾದ್ದರಿಂದ ಅದನ್ನು ಕಟ್ಟುವ ಸೂಚನೆಯನ್ನು ಈ ವೈರಸ್‌ಗಳೇ ತರುತ್ತವೆ. ಎಚ್‌ಐವಿಯ ದಾರಿ ಇನ್ನೂ ಬೇರೆ. ಅದು ಆರ್‌ಎನ್‌ಎಯನ್ನು ಹಿಮ್ಮುಖವಾಗಿ ಡಿಎನ್‌ಎಗೆ ಬರೆದು, ಆ ಡಿಎನ್‌ಎಯನ್ನು ನಮ್ಮ ವರ್ಣತಂತುವಿನೊಳಗೇ ಸೇರಿಸಿಬಿಡುತ್ತದೆ. ಹೀಗೆ ಹಿಮ್ಮುಖವಾಗಿ ಬರೆಯುವ ಕಿಣ್ವವನ್ನು ಹವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ 1970ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದರು.

ಪ್ರೋಟೀನುಗಳೂ ಮಾಹಿತಿಯ ನಕಲುಗಳೂ ಸಾಕಷ್ಟು ಸೇರಿದಾಗ ಅವು ತಾವಾಗಿಯೇ ಜೋಡಣೆಗೊಂಡು ಹೊಸ ಕಣಗಳಾಗುತ್ತವೆ. ಕೆಲವು ವೈರಸ್‌ಗಳು ಜೀವಕೋಶವನ್ನು ಒಡೆದು ಹೊರಬರುತ್ತವೆ. ಇನ್ನು ಕೆಲವು ಜೀವಕೋಶದ ಪೊರೆಯ ಚೂರನ್ನೇ ಹೊದ್ದುಕೊಂಡು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಮೇಲೆ ಹೇಳಿದ ಕೊಬ್ಬಿನ ಹೊರಪೊರೆ ಬರುವುದು ಹೀಗೆ. ಟಿ4 ಎಂಬ ಬ್ಯಾಕ್ಟೀರಿಯೊಫೇಜ್ ಸುಮಾರು ಅರ್ಧ ಗಂಟೆಯಲ್ಲಿ ನೂರರಷ್ಟು ಹೊಸ ಕಣಗಳನ್ನು ಕೊಡುತ್ತದೆ. ಒಂದರಿಂದ ನೂರು ಎಂಬ ಲೆಕ್ಕದಲ್ಲಿ ಮೂರು ಸುತ್ತು ಮುಗಿದರೆ 10 ಲಕ್ಷ. ಸೋಂಕು ತಗುಲಿ ಒಂದೆರಡು ದಿನ ಏನೂ ಕಾಣದೆ, ಆಮೇಲೆ ಜ್ವರ ಒಮ್ಮೆಲೇ ಏರಿತೆಂದು ಅನ್ನಿಸುವುದರ ಹಿಂದೆ ಈ ಗುಣಾಕಾರವಿದೆ.

ನಕಲಿನಲ್ಲಿ ಉಳಿಯುವ ತಪ್ಪುಗಳು

ಡಿಎನ್‌ಎ ನಕಲಾಗುವಾಗ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ನಮ್ಮ ಜೀವಕೋಶದಲ್ಲಿದೆ. ಬಹುತೇಕ ಆರ್‌ಎನ್‌ಎ ವೈರಸ್‌ಗಳಿಗೆ ಅದಿಲ್ಲ. ಅವುಗಳ ನಕಲಿನಲ್ಲಿ ಸರಿಸುಮಾರು 10 ಸಾವಿರದಿಂದ 10 ಲಕ್ಷ ಅಕ್ಷರಗಳಿಗೆ ಒಂದರಂತೆ ತಪ್ಪು ಉಳಿಯುತ್ತದೆ. ಇವುಗಳಲ್ಲಿ ಹೆಚ್ಚಿನವು ವೈರಸ್ಸಿಗೇ ಹಾನಿಕರ ಅಥವಾ ನಿರುಪಯುಕ್ತ. ಅಪರೂಪಕ್ಕೆ ಒಂದು ಬದಲಾವಣೆ ವೈರಸ್ಸು ಗ್ರಾಹಕಕ್ಕೆ ಇನ್ನಷ್ಟು ಗಟ್ಟಿಯಾಗಿ ಅಂಟುವಂತೆಯೋ ವೈರಸ್ಸನ್ನು ಹಿಡಿಯಲು ದೇಹ ಹಿಂದೆ ತಯಾರಿಸಿಕೊಂಡ ಪ್ರತಿಕಾಯಗಳೆಂಬ ಪ್ರೋಟೀನುಗಳಿಂದ ತಪ್ಪಿಸಿಕೊಳ್ಳುವಂತೆಯೋ ಮಾಡಿದರೆ ಆ ನಕಲು ಉಳಿದವುಗಳನ್ನು ಹಿಂದಿಕ್ಕಿ ಹರಡುತ್ತದೆ. ಸುದ್ದಿಯಲ್ಲಿ ಕೇಳುವ ರೂಪಾಂತರಿ ತಳಿ ಇದೇ. ವೈರಸ್ ಸಂಚು ಹೂಡಿ ಬದಲಾಗುತ್ತದೆ ಎಂಬ ಮಾತು ಕೇಳಲು ಚೆನ್ನಾಗಿದ್ದರೂ ದಾರಿ ತಪ್ಪಿಸುತ್ತದೆ; ಅಲ್ಲಿ ಉದ್ದೇಶವಿಲ್ಲ, ಅಸಂಖ್ಯ ತಪ್ಪುಗಳ ನಡುವಿನ ಆಯ್ಕೆಯಷ್ಟೇ ಇದೆ. ಕೊರೊನಾ ವೈರಸ್‌ಗಳಿಗೆ ಸ್ವಲ್ಪಮಟ್ಟಿಗೆ ತಪ್ಪು ತಿದ್ದುವ ಕಿಣ್ವವಿದೆ. ಆದರೂ ಕೋಟ್ಯಂತರ ಜನರಲ್ಲಿ ನಕಲಾಗುವ ಅವಕಾಶ ಸಿಕ್ಕಿದ್ದರಿಂದ ಕೋವಿಡ್ ವೈರಸ್ಸಿನಲ್ಲಿ ಹೊಸ ತಳಿಗಳು ಮೂಡುತ್ತಲೇ ಹೋದವು.

ಇನ್‌ಫ್ಲುಯೆಂಜಾಕ್ಕೆ ಇನ್ನೊಂದು ದಾರಿಯೂ ಇದೆ. ಅದರ ಮಾಹಿತಿ 8 ಬಿಡಿ ತುಂಡುಗಳಲ್ಲಿರುತ್ತದೆ. ಎರಡು ಬೇರೆ ಬೇರೆ ಫ್ಲೂ ವೈರಸ್‌ಗಳು ಒಂದೇ ಜೀವಕೋಶವನ್ನು ಹೊಕ್ಕರೆ ಈ ತುಂಡುಗಳು ಬೆರೆತು, ಯಾರ ದೇಹವೂ ಹಿಂದೆ ಕಂಡಿರದ ಹೊಸ ವೈರಸ್ ಹುಟ್ಟಬಹುದು. 1957 ಮತ್ತು 1968ರ ಜಾಗತಿಕ ಫ್ಲೂ ಪಿಡುಗುಗಳನ್ನು ತಂದ ವೈರಸ್‌ಗಳು ಹೀಗೆ ಮನುಷ್ಯರ ಮತ್ತು ಹಕ್ಕಿಗಳ ಫ್ಲೂ ತುಂಡುಗಳು ಬೆರೆತು ಉಂಟಾದವು.

ಒಂದು ದೇಹದಿಂದ ಇನ್ನೊಂದಕ್ಕೆ

ವೈರಸ್ ಎಲ್ಲಿ ಬೆಳೆಯುತ್ತದೆಯೋ ಅಲ್ಲಿಂದ ಹೊರಬೀಳುವ ದಾರಿಯಲ್ಲೇ ಅದು ಹರಡುತ್ತದೆ. ಮೂಗು, ಗಂಟಲು, ಶ್ವಾಸಕೋಶಗಳಲ್ಲಿ ಬೆಳೆಯುವ ವೈರಸ್ ಕೆಮ್ಮು, ಸೀನು, ಮಾತು, ಉಸಿರಿನೊಂದಿಗೆ ಹೊರಬರುತ್ತದೆ. ದೊಡ್ಡ ಹನಿಗಳು ಬೇಗನೆ ನೆಲಕ್ಕೆ ಬಿದ್ದರೆ ಅತಿ ಸಣ್ಣ ತುಂತುರು ಗಾಳಿಯಲ್ಲಿ ತೇಲುತ್ತಿರುತ್ತದೆ. ದಡಾರದ ವೈರಸ್ ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೂ ಸೋಂಕು ತರುವಂತೆ ಉಳಿಯಬಲ್ಲದು. ಕರುಳಿನಲ್ಲಿ ಬೆಳೆಯುವ ಪೋಲಿಯೊ, ರೋಟಾ ವೈರಸ್‌ಗಳು ಮಲದಲ್ಲಿ ಹೊರಬಿದ್ದು ಮಲಿನಗೊಂಡ ನೀರು, ಆಹಾರ, ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತವೆ. ಹೊರಪೊರೆಯಿಲ್ಲದ ಗಟ್ಟಿ ಕವಚ ಜಠರದ ಆಮ್ಲವನ್ನು ದಾಟಲು ಅವುಗಳಿಗೆ ನೆರವಾಗುತ್ತದೆ. ಎಚ್‌ಐವಿ, ಹೆಪಟೈಟಿಸ್-ಬಿ ವೈರಸ್‌ಗಳು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ದಾಟುತ್ತವೆ.

ಸೊಳ್ಳೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಅದು ಕಲುಷಿತ ಸೂಜಿಯಂತೆ ರಕ್ತವನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವುದಿಲ್ಲ. ಡೆಂಗಿ ರೋಗಿಯ ರಕ್ತ ಹೀರಿದ ಈಡಿಸ್ ಸೊಳ್ಳೆಯ ಕರುಳಿನ ಜೀವಕೋಶಗಳಲ್ಲಿ ವೈರಸ್ ಮೊದಲು ಬೆಳೆದು, ಅಲ್ಲಿಂದ ಜೊಲ್ಲು ಗ್ರಂಥಿಗೆ ಹೋಗಬೇಕು. ಇದಕ್ಕೆ ಸುಮಾರು 8ರಿಂದ 12 ದಿನ ಹಿಡಿಯುತ್ತದೆ. ಆ ಬಳಿಕವೇ ಅದರ ಕಡಿತ ಅಪಾಯಕರ. ಎಚ್‌ಐವಿ ಸೊಳ್ಳೆಯ ಜೀವಕೋಶಗಳಲ್ಲಿ ಬೆಳೆಯಲಾರದು, ಆದ್ದರಿಂದ ಸೊಳ್ಳೆ ಕಚ್ಚಿ ಏಡ್ಸ್ ಬರುವುದಿಲ್ಲ.

ಗಿಡಗಳ ಜೀವಕೋಶಕ್ಕೆ ಗಡುಸಾದ ಗೋಡೆಯಿರುವುದರಿಂದ ವೈರಸ್ ತಾನಾಗಿ ಒಳಹೋಗಲಾರದು. ಒಂದು ಗಾಯ ಬೇಕು. ರಸ ಹೀರುವ ಗಿಡಹೇನು, ಬಿಳಿನೊಣ, ಇಲ್ಲವೇ ಕತ್ತರಿಸುವ ಉಪಕರಣ ಆ ಗಾಯ ಮಾಡುತ್ತವೆ. ಒಳಸೇರಿದ ಮೇಲೆ ಜೀವಕೋಶಗಳ ನಡುವಿನ ಸೂಕ್ಷ್ಮ ದ್ವಾರಗಳ ಮೂಲಕ ವೈರಸ್ ಇಡೀ ಗಿಡವನ್ನು ಆವರಿಸುತ್ತದೆ. ಗಿಡಕ್ಕೆ ಔಷಧ ಹೊಡೆದು ವೈರಸ್ಸನ್ನು ತೆಗೆಯುವುದು ಸಾಧ್ಯವಿಲ್ಲ. ರೋಗದ ಗಿಡವನ್ನು ಕಿತ್ತು ಹಾಕುವುದು, ಕೀಟಗಳನ್ನು ತಡೆಯುವುದು, ನಿರೋಧಕ ತಳಿ ಬೆಳೆಯುವುದು ಮಾತ್ರ ಉಳಿದ ಉಪಾಯ.

ಯಾರಿಗೂ ಪ್ರತಿರೋಧವಿಲ್ಲದ ಸಮುದಾಯದಲ್ಲಿ ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನರಿಗೆ ಸೋಂಕು ದಾಟುತ್ತದೆ ಎಂಬುದನ್ನು ಒಂದು ಸಂಖ್ಯೆಯಾಗಿ ಹೇಳುವ ರೂಢಿಯಿದೆ. ದಡಾರಕ್ಕೆ ಅದು 12ರಿಂದ 18 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪ್ರತಿವರ್ಷದ ಫ್ಲೂವಿಗೆ ಅದು 1ಕ್ಕಿಂತ ತುಸು ಹೆಚ್ಚು. ಈ ಸಂಖ್ಯೆ 1ಕ್ಕಿಂತ ಕೆಳಗಿಳಿದರೆ ಸೋಂಕು ತಾನಾಗಿ ಕ್ಷೀಣಿಸುತ್ತದೆ. ದಡಾರವನ್ನು ತಡೆಯಲು ಸುಮಾರು 95 ಪ್ರತಿಶತ ಜನರಿಗೆ ಪ್ರತಿರೋಧ ಇರಬೇಕೆಂಬ ಲೆಕ್ಕ ಇದರಿಂದಲೇ ಬಂದದ್ದು.

ಸೋಂಕು ಕಾಯಿಲೆಯಾಗುವುದು ಯಾವಾಗ?

ವೈರಸ್ ದೇಹದಲ್ಲಿ ನೆಲೆಸಿ ಹೆಚ್ಚುವುದು ಸೋಂಕು. ಅದರಿಂದ ದೇಹದ ಕೆಲಸ ಕೆಡುವುದು ಕಾಯಿಲೆ. ಎರಡೂ ಒಂದೇ ಅಲ್ಲ. ಪೋಲಿಯೊ ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಏಕೆಂದರೆ ವೈರಸ್ ಕರುಳಿನಲ್ಲೇ ಉಳಿದು ಹೊರಟುಹೋಗುತ್ತದೆ. ಸುಮಾರು 200 ಸೋಂಕುಗಳಲ್ಲಿ ಒಂದರಲ್ಲಿ ಅದು ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ತಲುಪುತ್ತದೆ. ಕರುಳಿನ ಒಳಪದರದ ಕೋಶಗಳು ಸತ್ತರೆ ಕೆಲವೇ ದಿನಗಳಲ್ಲಿ ಹೊಸವು ಬರುತ್ತವೆ. ಆ ನರಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಾಲು ಶಾಶ್ವತವಾಗಿ ಸೋಲುವುದು ಈ ವ್ಯತ್ಯಾಸದಿಂದ. ಹಾನಿಯ ತೀವ್ರತೆ ಎಷ್ಟು ಕೋಶಗಳು ಸತ್ತವು ಎಂಬುದಕ್ಕಿಂತ ಯಾವ ಕೋಶಗಳು ಸತ್ತವು ಎಂಬುದನ್ನು ಹೆಚ್ಚು ಅವಲಂಬಿಸಿದೆ.

ಕಾಯಿಲೆಯ ಬಹಳಷ್ಟು ಲಕ್ಷಣಗಳು ವೈರಸ್ಸಿನಿಂದಲ್ಲ, ನಮ್ಮ ದೇಹದ ಪ್ರತಿಕ್ರಿಯೆಯಿಂದಲೇ ಬರುತ್ತವೆ ಎಂಬುದು ಓದುಗರಿಗೆ ವಿಚಿತ್ರವೆನಿಸಬಹುದು. ಸೋಂಕಿತ ಜೀವಕೋಶವು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡನ್‌ಮನ್ ಇದನ್ನು ಗುರುತಿಸಿದರು. ಫ್ಲೂ ಬಂದಾಗಿನ ಮೈಕೈ ನೋವು, ಚಳಿ, ಆಯಾಸಗಳಿಗೆ ಇಂಟರ್‌ಫೆರಾನ್ ಮತ್ತು ಅದರಂಥ ಸಂಕೇತ ಪ್ರೋಟೀನುಗಳೇ ಬಹುಮಟ್ಟಿಗೆ ಕಾರಣ. ಜ್ವರವೂ ಹಲವು ವೈರಸ್‌ಗಳ ಬೆಳವಣಿಗೆಯನ್ನು ನಿಧಾನಿಸುವ ರಕ್ಷಣೆಯೇ.

ಹೆಪಟೈಟಿಸ್-ಬಿ ಇದಕ್ಕೆ ಇನ್ನೂ ಸ್ಪಷ್ಟವಾದ ಉದಾಹರಣೆ. ಆ ವೈರಸ್ ಯಕೃತ್ತಿನ ಕೋಶಗಳನ್ನು ತಾನಾಗಿ ಕೊಲ್ಲುವುದಿಲ್ಲ. ಸೋಂಕಿತ ಕೋಶಗಳನ್ನು ಗುರುತಿಸಿ ಕೊಲ್ಲುವುದು ನಮ್ಮ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು. ವಯಸ್ಕರಲ್ಲಿ ಈ ಕಾಳಗ ಕಾಮಾಲೆ ತಂದರೂ ಸಾಮಾನ್ಯವಾಗಿ ವೈರಸ್ಸನ್ನು ಹೊರಹಾಕುತ್ತದೆ. ಹುಟ್ಟುವಾಗಲೇ ಸೋಂಕು ತಗುಲಿದ ಶಿಶುವಿನಲ್ಲಿ ರೋಗನಿರೋಧಕ ವ್ಯವಸ್ಥೆ ಬಲಿತಿರುವುದಿಲ್ಲ, ಹಾಗಾಗಿ ಕಾಯಿಲೆಯೇ ಕಾಣುವುದಿಲ್ಲ. ಆದರೆ ಅಂಥ ಶಿಶುಗಳಲ್ಲಿ ಸುಮಾರು 90 ಪ್ರತಿಶತದಲ್ಲಿ ವೈರಸ್ ದೀರ್ಘಕಾಲ ನೆಲೆಸಿ, ದಶಕಗಳ ನಂತರ ಯಕೃತ್ತಿನ ಕ್ಯಾನ್ಸರಿಗೂ ದಾರಿಯಾಗಬಹುದು. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸಬೇಕೆಂಬ ಒತ್ತಾಯದ ಹಿಂದೆ ಈ ಲೆಕ್ಕವಿದೆ.

ಡೆಂಗಿಯಲ್ಲಿ ರಕ್ಷಣೆಯೇ ಅಪಾಯವಾಗುವುದುಂಟು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯಿಂದ ಗುಣವಾದವರಿಗೆ ಮುಂದೆ ಇನ್ನೊಂದು ಬಗೆ ತಗುಲಿದಾಗ, ಹಳೆಯ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲಾರದೆ, ಕೆಲವು ಬಿಳಿ ರಕ್ತಕಣಗಳೊಳಗೆ ಅದು ಹೋಗಲು ನೆರವಾಗಿಬಿಡಬಹುದು. ಎರಡನೆಯ ಬಾರಿಯ ಡೆಂಗಿಯನ್ನು ವೈದ್ಯರು ಹೆಚ್ಚು ಎಚ್ಚರದಿಂದ ನೋಡುವುದು ಇದಕ್ಕಾಗಿ.

ಎಚ್‌ಐವಿ ರಕ್ಷಣಾ ವ್ಯವಸ್ಥೆಯನ್ನೇ ಸವೆಸುವುದರಿಂದ ರೋಗಿಯನ್ನು ಕೊಲ್ಲುವುದು ಹೆಚ್ಚಾಗಿ ಕ್ಷಯದಂಥ ಬೇರೆ ಸೋಂಕುಗಳು. ದಡಾರವು ಹಿಂದಿನ ಸೋಂಕುಗಳನ್ನು ನೆನಪಿಟ್ಟಿದ್ದ ಕೋಶಗಳನ್ನು ನಾಶ ಮಾಡುವುದರಿಂದ, ಅದರಿಂದ ಚೇತರಿಸಿಕೊಂಡ ಮಗು ಕೆಲಕಾಲ ಬೇರೆ ರೋಗಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಎಚ್‌ಪಿವಿ ವೈರಸ್ಸಿನ ಕೆಲವು ಬಗೆಗಳು ಜೀವಕೋಶದ ಅತಿಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸಿ ವರ್ಷಗಳ ನಂತರ ಗರ್ಭಕೊರಳಿನ ಕ್ಯಾನ್ಸರ್ ತರುತ್ತವೆ. ಈ ಸಂಬಂಧವನ್ನು ತೋರಿಸಿದ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಒಂದೇ ವೈರಸ್ ಬೇರೆ ಬೇರೆಯವರಲ್ಲಿ ಬೇರೆ ಪರಿಣಾಮ ಬೀರುವುದಕ್ಕೆ ವಯಸ್ಸು, ಒಳಹೊಕ್ಕ ವೈರಸ್ಸಿನ ಪ್ರಮಾಣ, ಹಿಂದಿನ ಸೋಂಕು ಅಥವಾ ಲಸಿಕೆ, ಇತರ ಕಾಯಿಲೆಗಳು ಎಲ್ಲವೂ ಕಾರಣ. ಆನುವಂಶಿಕತೆಯೂ ಸೇರುತ್ತದೆ. ಎಚ್‌ಐವಿಗೆ ಸಿಡಿ4 ಜೊತೆಗೆ ಬೇಕಾಗುವ ಸಿಸಿಆರ್5 ಎಂಬ ಅಣು ಹುಟ್ಟಿನಿಂದಲೇ ಇಲ್ಲದ ಕೆಲವೇ ಜನರಿದ್ದಾರೆ. ಅವರಿಗೆ ಆ ವೈರಸ್ ತಗಲುವುದು ತೀರಾ ಅಪರೂಪ.

ಗುಣವಾದರೂ ಉಳಿಯುವ ವೈರಸ್

ಸೀತಾಳೆ ಸಿಡುಬು ವಾಸಿಯಾದರೂ ಅದರ ವೈರಸ್ ಬೆನ್ನುಹುರಿಯ ಬಳಿಯ ನರಗ್ರಂಥಿಗಳಲ್ಲಿ ನಕಲಾಗದೆ ಸುಮ್ಮನೆ ಉಳಿಯುತ್ತದೆ. ವಯಸ್ಸಾದಂತೆ ರೋಗನಿರೋಧಕ ಶಕ್ತಿ ಕುಂದಿದಾಗ ಮತ್ತೆ ಚುರುಕಾಗಿ ಆ ನರದ ಹಾದಿಯುದ್ದಕ್ಕೂ ಚರ್ಮದಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತದೆ. ಸರ್ಪಸುತ್ತು ಎಂದು ನಾವು ಕರೆಯುವುದು ಇದನ್ನೇ. ಎಚ್‌ಐವಿಯ ಡಿಎನ್‌ಎ ನಮ್ಮ ವರ್ಣತಂತುವಿನಲ್ಲೇ ಸೇರಿಹೋಗಿರುವುದರಿಂದ, ಈಗಿನ ಔಷಧಗಳು ಹೊಸ ನಕಲುಗಳನ್ನು ತಡೆದು ರೋಗಿಯನ್ನು ಆರೋಗ್ಯವಾಗಿ ಇಡುತ್ತವೆಯಾದರೂ ಔಷಧ ನಿಲ್ಲಿಸಿದರೆ ವೈರಸ್ ಸಾಮಾನ್ಯವಾಗಿ ಮರಳುತ್ತದೆ.

ಔಷಧ ಮತ್ತು ಲಸಿಕೆ

ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಕೋಶಗೋಡೆ, ಅದರದೇ ಬಗೆಯ ರೈಬೋಸೋಮ್ ಮುಂತಾದ ಭಾಗಗಳನ್ನು ಹಿಡಿದು ಕೆಡಿಸುತ್ತವೆ. ವೈರಸ್ಸಿನಲ್ಲಿ ಇವು ಯಾವುವೂ ಇಲ್ಲ, ಆದ್ದರಿಂದ ನೆಗಡಿಗೆ ತೆಗೆದುಕೊಂಡ ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದೇ ಇಲ್ಲ. ದೇಹದಲ್ಲಿರುವ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಜಗ್ಗದಂತಾಗುವ ಅವಕಾಶವನ್ನಷ್ಟೇ ಹೆಚ್ಚಿಸುತ್ತದೆ. ವೈರಸ್ ನಮ್ಮ ಜೀವಕೋಶದ ಸಾಮಗ್ರಿಯನ್ನೇ ಬಳಸುವುದರಿಂದ ನಮಗೆ ಹಾನಿಯಾಗದಂತೆ ಅದನ್ನು ಮಾತ್ರ ತಡೆಯುವ ಔಷಧ ಕಷ್ಟ. ಇರುವ ಕೆಲವು ಔಷಧಗಳು ವೈರಸ್ಸಿಗೇ ವಿಶಿಷ್ಟವಾದ ಕಿಣ್ವಗಳನ್ನು ಹಿಡಿಯುತ್ತವೆ. ಹರ್ಪಿಸ್‌ಗೆ ಕೊಡುವ ಅಸೈಕ್ಲೊವಿರ್ ನಕಲಿನ ಹಂತವನ್ನು ತಡೆದರೆ, ಫ್ಲೂವಿಗೆ ಕೊಡುವ ಒಸೆಲ್ಟಾಮಿವಿರ್ ಹೊಸ ಕಣಗಳು ಜೀವಕೋಶದಿಂದ ಕಳಚಿಕೊಳ್ಳುವುದನ್ನು ತಡೆಯುತ್ತದೆ. ಇಂಥ ಔಷಧಗಳು ಬೇಗ ಕೊಟ್ಟಷ್ಟೂ ಹೆಚ್ಚು ಪ್ರಯೋಜನಕಾರಿ, ಏಕೆಂದರೆ ಆಗಲೇ ಹುಟ್ಟಿದ ಕಣಗಳನ್ನು ಅವು ಹಿಂತೆಗೆಯಲಾರವು.

ಲಸಿಕೆಯ ಕೆಲಸ ಬೇರೆ. ದುರ್ಬಲಗೊಳಿಸಿದ ಅಥವಾ ನಿಷ್ಕ್ರಿಯಗೊಳಿಸಿದ ವೈರಸ್ಸನ್ನೋ, ಅದರ ಒಂದು ಪ್ರೋಟೀನನ್ನೋ, ಆ ಪ್ರೋಟೀನು ಕಟ್ಟುವ ಸೂಚನೆಯನ್ನೋ ಕೊಟ್ಟು ರೋಗನಿರೋಧಕ ವ್ಯವಸ್ಥೆಗೆ ವೈರಸ್ಸಿನ ಪರಿಚಯವನ್ನು ಮೊದಲೇ ಮಾಡಿಸುವುದು. ಆದರೆ ರೇಬೀಸ್‌ನಲ್ಲಿ ನಾಯಿ ಕಚ್ಚಿದ ಮೇಲೂ ಸಮಯ ಸಿಗುತ್ತದೆ. ಗಾಯದಲ್ಲಿ ಬಿದ್ದ ವೈರಸ್ ನರವನ್ನು ಸೇರಿ ಮಿದುಳಿನತ್ತ ನಿಧಾನವಾಗಿ ಸಾಗುತ್ತದೆ. ಲಕ್ಷಣ ಕಾಣಿಸಿಕೊಳ್ಳುವವರೆಗಿನ ಕಾಲಕ್ಕೆ ಇನ್‌ಕ್ಯುಬೇಷನ್ ಅವಧಿ ಎನ್ನುತ್ತಾರೆ; ಫ್ಲೂವಿಗೆ ಅದು 1ರಿಂದ 4 ದಿನವಾದರೆ ರೇಬೀಸ್‌ಗೆ ಸಾಮಾನ್ಯವಾಗಿ 1ರಿಂದ 3 ತಿಂಗಳು. ಗಾಯವನ್ನು ತಕ್ಷಣ 15 ನಿಮಿಷ ಸೋಪು ಮತ್ತು ನೀರಿನಿಂದ ತೊಳೆದು, ತಡಮಾಡದೆ ಲಸಿಕೆ ಹಾಕಿಸಿ, ಹಲ್ಲು ಚರ್ಮವನ್ನು ಸೀಳಿ ರಕ್ತ ಬಂದಿದ್ದರೆ ಸಿದ್ಧ ಪ್ರತಿಕಾಯಗಳನ್ನೂ ಕೊಡಿಸಿದರೆ, ವೈರಸ್ ಮಿದುಳು ತಲುಪುವ ಮುನ್ನವೇ ದೇಹದ ಪ್ರತಿಕಾಯಗಳು ಸಿದ್ಧವಾಗುತ್ತವೆ. ಲಕ್ಷಣ ಶುರುವಾದ ಮೇಲೆ ರೋಗಿ ಬದುಕುವುದು ಅತ್ಯಂತ ವಿರಳ. ಗಾಯ ಸಣ್ಣದೆಂದು ಒಂದು ದಿನವೂ ಕಾಯಬಾರದು.

ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಆರಂಭಿಸಿದ ಲಸಿಕೆಯ ಕಾರ್ಯ 1980ರಲ್ಲಿ ಸಿಡುಬಿನ ನಿರ್ಮೂಲನ ಘೋಷಣೆಯವರೆಗೆ ಬಂತು. ಜಾನುವಾರುಗಳ ರಿಂಡರ್‌ಪೆಸ್ಟ್ ಎಂಬ ವೈರಸ್ ಕಾಯಿಲೆ 2011ರಲ್ಲಿ ಕೊನೆಗೊಂಡಿತು. ಸಿಡುಬು ಮನುಷ್ಯರಲ್ಲಿ ಮಾತ್ರ ಇತ್ತು, ತಗುಲಿದವರ ಮೈಮೇಲೆ ಎದ್ದು ಕಾಣುತ್ತಿತ್ತು, ಲಸಿಕೆಯಿಂದ ತಪ್ಪಿಸಿಕೊಳ್ಳುವಷ್ಟು ಬದಲಾಗುತ್ತಿರಲಿಲ್ಲ. ಹೀಗಾಗಿ ಅದನ್ನು ಬೆನ್ನಟ್ಟಿ ಮುಗಿಸಲು ಸಾಧ್ಯವಾಯಿತು. ಇನ್‌ಫ್ಲುಯೆಂಜಾದಲ್ಲಿ ಈ ಮೂರೂ ಅನುಕೂಲಗಳಿಲ್ಲ. ಅದು ಕಾಡು ನೀರುಹಕ್ಕಿಗಳಲ್ಲಿ ನೆಲೆಸಿದೆ, ಲಕ್ಷಣ ತೋರಿಸದವರಿಂದಲೂ ಹರಡುತ್ತದೆ, ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ, ಉತ್ತರ ಗೋಳಾರ್ಧಕ್ಕೊಮ್ಮೆ ದಕ್ಷಿಣ ಗೋಳಾರ್ಧಕ್ಕೊಮ್ಮೆ, ಹರಡುತ್ತಿರುವ ತಳಿಗಳನ್ನು ಪರಿಶೀಲಿಸಿ ಮುಂದಿನ ಫ್ಲೂ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಶಿಫಾರಸು ಮಾಡುತ್ತದೆ.